ಗ್ಯಾರೇಜಿಗೆ ಕಾರು ಬಿಡುವ ಹೆಣ್ಣುಮಕ್ಕಳಿಗೆ: ಮನೆಯ ತಯಾರಿಯಿಂದ ಗ್ರಾಹಕರ ಆಯೋಗದವರೆಗೆ

ಬೆಳಗಾವಿಯ ಉದ್ಯಮಬಾಗದಲ್ಲಿರಲಿ, ಆಟೋನಗರದಲ್ಲಿರಲಿ, ಕಾರು ತಂದ ಹೆಣ್ಣುಮಗಳಿಗೆ ಎದುರಾಗುವ ಮೊದಲ ಪ್ರಶ್ನೆ ಎಷ್ಟೋ ಸಲ ಗಾಡಿಯ ಬಗ್ಗೆ ಇರುವುದೇ ಇಲ್ಲ. “ಸರ್ ಬಂದಿಲ್ಲೇನ್ರಿ?” ಆಮೇಲೆ, “ನಿಮಗ ತಿಳಿಯಂಗಿಲ್ರಿ ಅಕ್ಕಾರ, ಸಾಹೇಬ್ರಿಗೆ ಫೋನ್ ಹಚ್ಚಿ ಕೊಡ್ರಿ.” ಗಾಡಿ ನೋಡುವ ಮೊದಲೇ ತೀರ್ಪೂ ಬಂದಿರುತ್ತದೆ: “ಲೇಡೀಸ್ ಹೊಡಿಯೋ ಗಾಡಿ ಅಲ್ಲಾ, ಕ್ಲಚ್ ಹೋಗೇ ಹೋಗಿರತೈತಿ.”

ಇದರಿಂದಾಗುವ ನಷ್ಟ ಮೂರು ಬಗೆಯದು. ಅದೇ ಕೆಲಸಕ್ಕೆ ಹೆಚ್ಚು ದರ ಹೇಳುವುದು ಒಂದು. ಬೇಡದ ಕೆಲಸ ಸೇರಿಸುವುದು ಎರಡನೆಯದು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅಪಾಯ ಇರುವುದು ಅದರಲ್ಲೇ: ಹೇಳಬೇಕಾದ್ದನ್ನು ಹೇಳದೆ ಬಿಡುವುದು. ಗಂಡಸು ಬಂದರೆ ಗಾಡಿ ಲಿಫ್ಟಿಗೆ ಏರಿಸಿ “ಒಳಗಿನ ಸೈಡ್ ಟಯರ್ ಸವದೈತಿ ನೋಡ್ರಿ” ಎಂದು ಬೆರಳು ಮಾಡಿ ತೋರಿಸುವವರು, ಹೆಂಗಸು ಬಂದರೆ “ಎಲ್ಲಾ ಓಕೆ ಐತ್ರಿ” ಎಂದು ಕೀಲಿ ಕೈಗಿಡುತ್ತಾರೆ. ಮಳೆಗಾಲದಲ್ಲಿ ಚೋರ್ಲಾ ಘಾಟ ಇಳಿಯುವಾಗ ಅದೇ ಟಯರಿನ ಮೇಲೆ ಹೋಗುವವಳು ಅವಳೇ.

ದರದ ವಿಷಯದಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಗಂಡಸರಿಂದಲೂ ಹೆಂಗಸರಿಂದಲೂ ಗ್ಯಾರೇಜುಗಳಿಗೆ ಫೋನ್ ಮಾಡಿಸಿ, 2003ರ ಟೊಯೋಟಾ ಕ್ಯಾಮ್ರಿಗೆ ರೇಡಿಯೇಟರ್ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿಸಿದರು. “ದರ ನನಗೆ ಗೊತ್ತಿಲ್ಲ” ಎಂದಾಗ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚಿನ ದರ ಹೇಳಿದರು. “ಇಷ್ಟಾಗುತ್ತದೆ ಎಂದು ಕೇಳಿದ್ದೇನೆ” ಎಂದು ಒಂದು ಅಂಕಿ ಇಟ್ಟು ಮಾತಾಡಿದಾಗ ಆ ಅಂತರ ಮಾಯವಾಯಿತು. ಕಡಿಮೆ ಮಾಡಿ ಎಂದು ಕೇಳಿದಾಗಲಂತೂ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಸಲ ರಿಯಾಯಿತಿ ಸಿಕ್ಕಿತು. ಊರು ಬೇರೆ, ಗಾಡಿ ಬೇರೆ, ಆದರೆ ದರ ಹುಟ್ಟುವ ರೀತಿ ಇಲ್ಲಿಯೂ ಅದೇ. ಎದುರಿಗಿರುವವರಿಗೆ ಎಷ್ಟು ಗೊತ್ತಿದೆ, ನಾಳೆ ಯಾರು ಬಂದು ಪ್ರಶ್ನೆ ಕೇಳಬಹುದು ಎಂಬ ಅಂದಾಜಿನ ಮೇಲೆ ದರ ಕಟ್ಟುತ್ತಾರೆ. ಆ ಅಂದಾಜನ್ನು ಬದಲಿಸಲು ನೀವು ಮಿಸ್ತ್ರಿಯೇ ಆಗಬೇಕಿಲ್ಲ. ನಿಮ್ಮ ಹತ್ತಿರ ಒಂದು ಅಂಕಿ, ಒಂದು ಕಾಗದ, ಬಿಚ್ಚಿದ ಹಳೇ ಪಾರ್ಟು ಇದ್ದರೆ ಸಾಕು.

ಮನೆಯಲ್ಲೇ ಮಾಡಿಕೊಳ್ಳುವ ತಯಾರಿ

ಕಾರಿನ ಜೊತೆ ಬಂದ ಮ್ಯಾನ್ಯುಯಲ್ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇರುತ್ತದೆ. ಇಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ಹುಡುಕಿ. ಅದರಲ್ಲಿ ಎರಡು ಪುಟ ಮುಖ್ಯ: ಎಷ್ಟು ಕಿಲೋಮೀಟರಿಗೆ ಯಾವ ಕೆಲಸ ಎಂದು ಹೇಳುವ ಸರ್ವಿಸ್ ಪಟ್ಟಿ, ಮತ್ತು ಆಯಿಲ್, ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಎಷ್ಟು ಹಿಡಿಯುತ್ತದೆ ಎಂದು ಹೇಳುವ ಪಟ್ಟಿ. ಎರಡರ ಫೋಟೋ ತೆಗೆದು ಫೋನಿನಲ್ಲಿಡಿ. ಜೊತೆಗೆ ಮಾಡೆಲ್ ಮತ್ತು ವರ್ಷ, ಎಂಜಿನ್ ಆಯಿಲಿನ ಗ್ರೇಡು (0ಡಬ್ಲ್ಯೂ-20, 5ಡಬ್ಲ್ಯೂ-30 ಹೀಗೆ), ಫಿಲ್ಟರ್ ಸಮೇತ ಎಷ್ಟು ಲೀಟರು, ಹಿಂದಿನ ಸರ್ವಿಸ್ ಆದ ತಾರೀಖು ಮತ್ತು ಕಿಲೋಮೀಟರ್ ರೀಡಿಂಗ್ ಬರೆದಿಟ್ಟುಕೊಳ್ಳಿ. ಎಂಜಿನ್ನಿನಲ್ಲಿ ಒಳಗಿನ ಭಾಗಗಳನ್ನು ಹೊಂದಾಣಿಕೆಯಿಂದ ತಿರುಗಿಸುವ ಟೈಮಿಂಗ್ ಚೈನ್ ಇದೆಯೋ ಬೆಲ್ಟ್ ಇದೆಯೋ ಎಂಬುದನ್ನೂ ತಿಳಿದುಕೊಳ್ಳಿ. ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್ನುಗಳಲ್ಲಿ ಇರುವುದು ಚೈನ್. ಅಂಥ ಗಾಡಿಗೆ ಯಾರಾದರೂ “ಟೈಮಿಂಗ್ ಬೆಲ್ಟ್ ಬದಲಿಸಬೇಕು” ಎಂದರೆ ಮುಂದಿನ ಮಾತನ್ನೆಲ್ಲ ಎಚ್ಚರದಿಂದ ಕೇಳಿ.

ಗ್ಯಾರೇಜಿನಲ್ಲಿ ಲಕ್ಷಣ ಹೇಳಿ, ಔಷಧ ಹೇಳಬೇಡಿ. “ಬ್ರೇಕ್ ಪ್ಯಾಡ್ ಬದಲಿಸಿ” ಎಂದರೆ ಪ್ಯಾಡ್ ಬದಲಿಸುತ್ತಾರೆ. ಡಿಸ್ಕಿನ ಹಿಂದಿನ ತಗಡಿನಲ್ಲಿ ಸಣ್ಣ ಕಲ್ಲು ಸಿಕ್ಕು ಕಿರುಗುಟ್ಟುತ್ತಿದ್ದರೂ ಬಿಲ್ಲು ನಿಮ್ಮದೇ, ಏಕೆಂದರೆ ಕೇಳಿದ್ದು ನೀವು. ಬದಲಿಗೆ ಹೀಗೆ ಹೇಳಿ: “ಬ್ರೇಕ್ ಒತ್ತಿದಾಗ ಮುಂದಿನ ಎಡಗಡೆಯಿಂದ ಕಿರ್ ಅಂತೈತಿ. ಬೆಳಿಗ್ಗೆ ಇರಂಗಿಲ್ಲ, ಹತ್ತು ಕಿಲೋಮೀಟರ್ ಓಡಿದ ಮ್ಯಾಲೆ ಶುರು ಆಗತೈತಿ.” ಸದ್ದು ಎಲ್ಲಿಂದ, ಎಷ್ಟು ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ತಿರುವಿನಲ್ಲೋ ಹಂಪ್ ಮೇಲೋ ಎಂಬುದನ್ನು ಮೂರು ನಾಲ್ಕು ದಿನ ಗಮನಿಸಿ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಿಸ್ತ್ರಿಯ ಮುಂದೆ ಗಾಡಿ ಸುಮ್ಮನಾಗಿಬಿಡುವುದುಂಟು.

ಎಂಜಿನ್ ಚೆಕ್ ಲೈಟ್ ಹೊತ್ತಿದ್ದರೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿದ ತಕ್ಷಣ ಕೋಡ್ ಅಳಿಸಲು ಬಿಡಬೇಡಿ. ಮೊದಲು ಪರದೆಯ ಫೋಟೋ ಕೇಳಿ. ಕೋಡ್ ತೋರಿಸುವುದು ತೊಂದರೆ ಯಾವ ಭಾಗದಲ್ಲಿದೆ ಎಂಬುದನ್ನು, ಯಾವ ಪಾರ್ಟ್ ಕೆಟ್ಟಿದೆ ಎಂಬುದನ್ನಲ್ಲ. ಉದಾಹರಣೆಗೆ ಪಿ 0171 ಬಂದರೆ ಎಂಜಿನ್ನಿಗೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿದೆ ಎಂದರ್ಥ. ಕಾರಣ ಬಿರುಕುಬಿಟ್ಟ ಗಾಳಿಯ ಪೈಪು ಇರಬಹುದು, ಹೊಲಸಾದ ಸೆನ್ಸರ್ ಇರಬಹುದು. ಏನನ್ನೂ ಪರೀಕ್ಷಿಸದೆ “ಆಕ್ಸಿಜನ್ ಸೆನ್ಸರ್ ಹಾಕಬೇಕು” ಎಂದರೆ ಅದು ಊಹೆ, ಅದರ ಖರ್ಚು ನಿಮ್ಮದು.

ಇನ್ನು ದರ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೂ ಎರಡು ಖಾಸಗಿ ಗ್ಯಾರೇಜಿಗೂ ಫೋನ್ ಮಾಡಿ. ಪಾರ್ಟಿನ ಎಂಆರ್‌ಪಿಯನ್ನು ಬಿಡಿಭಾಗದ ಅಂಗಡಿಯಲ್ಲಿ ಮೊದಲೇ ಕೇಳಿ ತಿಳಿದಿರಿ. ಆಮೇಲೆ ಮಾತು ಹೀಗಿರಲಿ: “2018ರ ಪೆಟ್ರೋಲ್ ಸ್ವಿಫ್ಟ್ ಐತ್ರಿ. ಮುಂದಿನ ಬ್ರೇಕ್ ಪ್ಯಾಡ್ ಸೆಟ್ ಎಂಆರ್‌ಪಿ ಎಷ್ಟಂತ ನನಗ ಗೊತ್ತೈತಿ. ನಿಮ್ಮ ಮಜೂರಿ ಎಷ್ಟು? ಟ್ಯಾಕ್ಸ್ ಹಿಡದು ಒಟ್ಟು ಹೇಳ್ರಿ.” ಪಾರ್ಟು ಬೇರೆ, ಮಜೂರಿ ಬೇರೆ ಮಾಡಿ ಕೇಳಿದರೆ ಹೆಚ್ಚಿಗೆ ಸೇರಿಸುವ ಜಾಗ ತಾನೇ ಕಡಿಮೆಯಾಗುತ್ತದೆ.

ಆರ್‌ಸಿ ಮನೆಯವರ ಹೆಸರಲ್ಲಿದ್ದರೆ

ನಮ್ಮ ಕಡೆ ಬಹಳಷ್ಟು ಕಾರುಗಳ ಆರ್‌ಸಿ ಗಂಡನ ಅಥವಾ ತಂದೆಯ ಹೆಸರಿನಲ್ಲಿರುತ್ತದೆ. ದೊಡ್ಡ ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿ ಗಾಡಿ ನಂಬರ್ ಹೊಡೆದರೆ ಅವರ ಫೋನ್ ನಂಬರೇ ಬರುತ್ತದೆ. ನೀವು ಎದುರಿಗೆ ಕೂತಿರುವಾಗಲೇ ಎಸ್ಟಿಮೇಟ್ ಅವರ ವಾಟ್ಸ್ಆ್ಯಪ್‌ಗೆ ಹೋಗಿರುತ್ತದೆ, ಒಪ್ಪಿಗೆಯನ್ನೂ ಅವರಿಂದಲೇ ಪಡೆದಿರುತ್ತಾರೆ. ಇಂಥಲ್ಲಿ ಸರ್ವಿಸ್ ಸೆಂಟರಿನ ಸಲಹೆಗಾರ ತಪ್ಪು ಮಾಡಿದ್ದಾನೆಂದು ಜಗಳ ತೆಗೆಯುವ ಮೊದಲು ದಾಖಲೆ ಬದಲಿಸಿ. “ಗಾಡಿ ಓಡಿಸೋದು ನಾನು. ಸಂಪರ್ಕದ ನಂಬರ್ ನಂದು ಹಾಕ್ರಿ, ಎಸ್ಟಿಮೇಟ್, ಒಪ್ಪಿಗಿ, ಬಿಲ್ಲು ಎಲ್ಲಾ ಇದಕ್ಕ ಬರಲಿ.” ಮಾಲೀಕರ ಅನುಮತಿ ಬೇಕೆಂದರೆ ಒಂದು ಸಾಲಿನ ಪತ್ರವೂ ಆರ್‌ಸಿ ಪ್ರತಿಯೂ ಸಾಕು.

ಹಣ ನಿಮ್ಮ ಖಾತೆಯಿಂದಲೇ ಹೋಗಲಿ, ಯುಪಿಐ ಅಥವಾ ಕಾರ್ಡಿನಿಂದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಗೆ ಹಣ ಕೊಟ್ಟವರೂ ಗ್ರಾಹಕರೇ, ಅವರ ಒಪ್ಪಿಗೆಯಿಂದ ಆ ಸೇವೆ ಪಡೆದವರೂ ಗ್ರಾಹಕರೇ. ಹಾಗಾಗಿ ಆರ್‌ಸಿಯಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೆ ನಿಮ್ಮ ದೂರು ಬಿದ್ದುಹೋಗುವುದಿಲ್ಲ. ಆದರೂ ಬಿಲ್ಲಿನಲ್ಲಿ ನಿಮ್ಮ ಹೆಸರು ಇದ್ದರೆ ವಾದವೇ ಹುಟ್ಟುವುದಿಲ್ಲ.

ಜಾಬ್ ಕಾರ್ಡ್ ಬರೆಸುವುದು

ಯಾವ ಕೆಲಸ, ಎಷ್ಟು ಹಣ ಎಂದು ಬರೆದಿಡುವ ಕಾಗದವೇ ಜಾಬ್ ಕಾರ್ಡ್. ಇಡೀ ಕೆಲಸದ ಬುಡ ಇದೇ. ಸಣ್ಣ ಗ್ಯಾರೇಜಿನಲ್ಲಿ ಅಚ್ಚಾದ ಕಾರ್ಡ್ ಇರುವುದಿಲ್ಲ, ಬಾಯಿಮಾತಿನಲ್ಲೇ ವ್ಯವಹಾರ. ಅಲ್ಲಿ ನೀವೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, “ಸರಿ ಐತಿ ಅಂತ ಒಂದು ಉತ್ತರ ಹಾಕ್ರಿ ಅಣ್ಣಾರ” ಎನ್ನಿ. ಬರಹದಲ್ಲಿ ಇರಬೇಕಾದ್ದು ಇಷ್ಟು:

1. ಗಾಡಿ ನಂಬರ್, ಇವತ್ತಿನ ಕಿಲೋಮೀಟರ್ ರೀಡಿಂಗ್, ಪೆಟ್ರೋಲ್ ಮಟ್ಟ.
2. ನೀವು ಹೇಳಿದ ಲಕ್ಷಣ, ನಿಮ್ಮ ಮಾತಿನಲ್ಲೇ. “ಜನರಲ್ ಚೆಕಪ್” ಎಂದು ಬರೆದರೆ ತಿದ್ದಿಸಿ.
3. ಅಂದಾಜು ಮೊತ್ತ, ಪಾರ್ಟು ಮತ್ತು ಮಜೂರಿ ಬೇರೆ ಬೇರೆಯಾಗಿ.
4. “ಇದಕ್ಕಿಂತ ಹೆಚ್ಚಿನ ಯಾವ ಕೆಲಸವನ್ನೂ ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಮಾಡಬಾರದು.”
5. “ಬದಲಿಸಿದ ಹಳೇ ಪಾರ್ಟುಗಳನ್ನು ವಾಪಸ್ ಕೊಡಬೇಕು.”
6. ಕೊಡುವ ದಿನ, ಸಮಯ.

ನಾಲ್ಕನೆಯದು ನಿಮ್ಮ ಹಣ ಉಳಿಸುತ್ತದೆ. ಐದನೆಯದು ಬದಲಿಸದ ಪಾರ್ಟನ್ನು ಬದಲಿಸಿದೆವು ಎಂದು ಬಿಲ್ ಮಾಡುವುದನ್ನು ತಡೆಯುತ್ತದೆ. ಎಸ್ಟಿಮೇಟ್ ಇಂಗ್ಲಿಷಿನಲ್ಲಿದ್ದರೆ ಒಂದೊಂದು ಸಾಲನ್ನೂ ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿಸಿಕೊಳ್ಳಿ. “ಕನ್ಸ್ಯೂಮಬಲ್ಸ್”, “ಮಿಸಲೇನಿಯಸ್” ಎಂದು ಒಂದೇ ಪದ ಬರೆದು ಮೊತ್ತ ಹಾಕಿದ್ದರೆ ಅದರಲ್ಲಿ ಏನೇನಿದೆ ಎಂದು ಬಿಡಿಸಿ ಬರೆಸಿ.

ಕೀಲಿ ಕೊಡುವ ಮೊದಲು ಐದು ನಿಮಿಷ ಗಾಡಿಯ ಸುತ್ತ ಬನ್ನಿ. ನಾಲ್ಕೂ ಬದಿ, ರೀಡಿಂಗ್, ಸ್ಟೆಪ್ನಿ, ಜಾಕ್, ಬ್ಯಾಟರಿ ಮೇಲಿನ ಸೀರಿಯಲ್ ನಂಬರ್, ಟಯರಿನ ಬದಿಯ ನಾಲ್ಕಂಕಿ ಇವುಗಳ ಫೋಟೋ ತೆಗೆಯಿರಿ. ಟಯರಿನ ಮೇಲೆ 2223 ಎಂದಿದ್ದರೆ 2023ರ 22ನೇ ವಾರ ತಯಾರಾದದ್ದು ಎಂದರ್ಥ. ಬದಲಿಸುವರೆಂಬ ಅನುಮಾನ ಇರುವ ಪಾರ್ಟುಗಳ ಮೇಲೆ, ಉದಾಹರಣೆಗೆ ಏರ್ ಫಿಲ್ಟರಿನ ಅಂಚು, ಬ್ಯಾಟರಿಯ ಬದಿ, ಪರ್ಮನೆಂಟ್ ಮಾರ್ಕರಿನಿಂದ ಸಣ್ಣ ಚುಕ್ಕೆ ಇಡಿ. ವಾಪಸ್ ಬಂದ ಹಳೇ ಪಾರ್ಟಿನಲ್ಲಿ ಆ ಚುಕ್ಕೆ ಇರಬೇಕು, ಗಾಡಿಯಲ್ಲಿರುವ ಪಾರ್ಟಿನಲ್ಲಿ ಇರಬಾರದು. ಯಾರನ್ನೂ ಅನುಮಾನಿಸುವ ಮಾತು ಆಡದೆ ಸತ್ಯ ತಿಳಿಯುವ ದಾರಿ ಇದು. ವಾರಂಟಿಯಲ್ಲಿ ಬದಲಿಸಿದ ಪಾರ್ಟನ್ನು ಗ್ಯಾರೇಜು ಕಂಪನಿಗೆ ಕಳಿಸಬೇಕಾಗಬಹುದು. ಅಂಥದ್ದನ್ನು ಫೋಟೋ ತೆಗೆದುಕೊಂಡು ಬಿಟ್ಟುಬಿಡಿ.

“ಇನ್ನೊಂದು ಕೆಲಸ ಐತ್ರಿ” ಎಂಬ ಫೋನು

ಮಧ್ಯಾಹ್ನದ ಹೊತ್ತಿಗೆ ಈ ಫೋನು ಬರುತ್ತದೆ. ಗಾಡಿ ಬಿಚ್ಚಿಟ್ಟಿದೆ, ಸಂಜೆ ಬೇಕಾಗಿದೆ, ನೀವು ಕಚೇರಿಯಲ್ಲೋ ಶಾಲೆಯಲ್ಲೋ ಇದ್ದೀರಿ. ಅವಸರದಲ್ಲಿ “ಹ್ಞೂಂ” ಎನ್ನಿಸುವ ಹೊತ್ತು ಅದು. ಮೂರೇ ಪ್ರಶ್ನೆ ಕೇಳಿ. ಅಳತೆ ಎಷ್ಟು ಬಂದಿದೆ? ಎಷ್ಟಿರಬೇಕು? ಇವತ್ತು ಮಾಡಿಸದಿದ್ದರೆ ಎಷ್ಟು ಕಿಲೋಮೀಟರ್ ಓಡಿಸಬಹುದು? ಮೂರಕ್ಕೂ ಉತ್ತರವನ್ನು ಫೋಟೋ ಸಮೇತ ಕಳಿಸಲು ಹೇಳಿ. ನಿಜವಾದ ಕೆಲಸ ಇದ್ದವರು ಎರಡು ನಿಮಿಷದಲ್ಲಿ ಕಳಿಸುತ್ತಾರೆ. “ಅದನ್ನ ಫೋನಿನ್ಯಾಗ ಹೇಳಾಕ ಬರಂಗಿಲ್ಲ, ಸರ್‌ಗೆ ಕೊಡ್ರಿ” ಎಂದರೆ, “ಸರ್‌ಗೂ ಇದನ್ನೇ ಹೇಳ್ತೀರಲ್ಲ, ನನಗೇ ಹೇಳ್ರಿ. ತಿಳೀಲಿಲ್ಲ ಅಂದ್ರ ಮತ್ತ ಕೇಳ್ತೀನಿ” ಎಂದುಬಿಡಿ. ದನಿ ಏರಿಸುವ ಅಗತ್ಯ ಇಲ್ಲ.

ಬ್ರೇಕ್, ಸ್ಟಿಯರಿಂಗ್, ಟಯರ್, ಕೂಲಂಟ್ ಸೋರಿಕೆ ಇವು ಮುಂದೂಡುವ ಕೆಲಸಗಳಲ್ಲ. ಉಳಿದ ಬಹುಪಾಲು ಕೆಲಸಗಳಿಗೆ ಒಂದು ದಿನ ಕಾಯ್ದು ಇನ್ನೊಬ್ಬರಿಗೆ ತೋರಿಸುವಷ್ಟು ವೇಳೆ ಇದ್ದೇ ಇರುತ್ತದೆ.

ಎಲ್ಲಿ ಹೆಚ್ಚು ಬಿಲ್ಲಾಗುತ್ತದೆ, ಹೇಗೆ ಪರೀಕ್ಷಿಸಬೇಕು

*ಕ್ಲಚ್.* ಹೆಂಗಸರ ಗಾಡಿ ಎಂದ ಕೂಡಲೇ ಬೀಳುವ ಮೊದಲ ಆರೋಪ ಇದರದ್ದು. ಪರೀಕ್ಷೆ ಸುಲಭ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಗಂಟೆಗೆ 40-50 ಕಿಲೋಮೀಟರ್ ವೇಗದಲ್ಲಿದ್ದಾಗ ಎಕ್ಸಲರೇಟರ್ ಪೂರ್ತಿ ಒತ್ತಿ. ಎಂಜಿನ್ನಿನ ಸದ್ದೂ ಅದರ ಸುತ್ತಿನ ವೇಗ ತೋರಿಸುವ ಆರ್‌ಪಿಎಂ ಮುಳ್ಳೂ ಸರ್ರನೆ ಮೇಲೇರಿ, ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಕೂಡಿಯೇ ಏರಿದರೆ ಪ್ಲೇಟ್ ಇನ್ನೂ ಹಿಡಿಯುತ್ತಿದೆ. ಪೆಡಲ್ ಬಿಗಿಯಾಗಿದ್ದರೆ ಕೇಬಲ್ ಇರುವ ಗಾಡಿಗಳಲ್ಲಿ ಬರೀ ಕೇಬಲಿನ ದೋಷವೂ ಇರಬಹುದು, ಮೊದಲು ಅದನ್ನು ನೋಡಿಸಿ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಆದ್ದರಿಂದ ಮಜೂರಿ ಹೆಚ್ಚಾಗುವುದು ಸಹಜ. ಪೂರ್ತಿ ಸೆಟ್ ಹಾಕಿದರೆ ಹಳೇ ಪ್ಲೇಟು, ಕವರು, ರಿಲೀಸ್ ಬೇರಿಂಗು ಮೂರೂ ನಿಮ್ಮ ಡಿಕ್ಕಿಗೆ ಬರಬೇಕು. ಪ್ಲೇಟಿನ ರಿವೆಟ್ಟುಗಳ ಮಟ್ಟಕ್ಕೆ ಲೈನಿಂಗ್ ಸವೆದಿದೆಯೇ ನೋಡಿ. ಇಲ್ಲದಿದ್ದರೆ ಏಕೆ ಬದಲಿಸಿದಿರಿ ಎಂದು ಕೇಳಿ.

*ಬ್ರೇಕ್.* ಹೊಸ ಪ್ಯಾಡಿನ ಲೈನಿಂಗ್ ಸುಮಾರು 10 ಮಿಲಿಮೀಟರ್ ದಪ್ಪ. 3 ಮಿಲಿಮೀಟರಿಗೆ ಬಂದರೆ ಬದಲಿಸುವ ಹೊತ್ತು. “ಪ್ಯಾಡ್ ಮುಗದೈತಿ” ಎಂದರೆ ಅಳತೆ ಕೇಳಿ. ಪ್ಯಾಡ್ ಹಾಕುವಾಗ ಒಂದೇ ಆಕ್ಸಲಿನ ಎರಡೂ ಗಾಲಿಗೆ ಹಾಕಬೇಕು, ಒಂದೇ ಕಡೆ ಹಾಕಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಡಿಸ್ಕ್ ಬದಲಿಸಬೇಕೆಂದರೆ ಅದರ ಮೇಲೆಯೇ ಕೊರೆದಿರುವ ಕನಿಷ್ಠ ದಪ್ಪವನ್ನು ಅಳತೆಯೊಂದಿಗೆ ಹೋಲಿಸಿ ತೋರಿಸಲಿ. ಚೋರ್ಲಾ, ಅಂಬೋಲಿ ಘಾಟಗಳಲ್ಲಿ ಆಗಾಗ ಓಡಾಡುವ ಗಾಡಿಯ ಪ್ಯಾಡ್ ಊರೊಳಗಿನ ಗಾಡಿಯದಕ್ಕಿಂತ ಬೇಗ ಸವೆಯುತ್ತದೆ, ಅದರಲ್ಲಿ ಮೋಸ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ನಿಮ್ಮ ಗಾಡಿಯ ಅವಧಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಈ ಕೆಲಸವನ್ನು ಹೆಚ್ಚಿನವರು ಹೇಳುವುದೇ ಇಲ್ಲ, ನೀವೇ ಕೇಳಿ ಮಾಡಿಸಿ.

*ಬ್ಯಾಟರಿ.* ಗಾಡಿ ಕೆಲಹೊತ್ತು ನಿಂತ ಮೇಲೆ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಇದೆ. 12ಕ್ಕಿಂತ ಕೆಳಗಿದ್ದರೆ ಖಾಲಿ, ಆದರೆ ಖಾಲಿಯಾದದ್ದೆಲ್ಲ ಕೆಟ್ಟದ್ದಲ್ಲ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗೆ ಇರಬೇಕು. ಎಲ್ಲ ಲೈಟು ಹಚ್ಚಿದರೂ 13 ದಾಟದಿದ್ದರೆ ದೋಷ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನದೋ ಅದರ ಬೆಲ್ಟಿನದೋ ಇರಬಹುದು. ಆಗ ಹೊಸ ಬ್ಯಾಟರಿ ಹಾಕಿದರೆ ಅದೂ ಖಾಲಿಯಾಗುತ್ತದೆ. ಟರ್ಮಿನಲ್ಲಿನ ಮೇಲೆ ಬಿಳಿ ಪುಡಿ ಕಟ್ಟಿ ಸ್ಟಾರ್ಟ್ ಆಗದಿದ್ದರೂ “ಬ್ಯಾಟರಿ ಡೆಡ್” ಎನ್ನುವುದುಂಟು. ಪುಡಿ ತೆಗೆದು ಬಿಗಿ ಮಾಡಿ ನೋಡಲು ಹೇಳಿ. ಬದಲಿಸಲೇಬೇಕಾದರೆ ಹಳೇ ಬ್ಯಾಟರಿಯ ಸೀಸಕ್ಕೆ ಬೆಲೆ ಇದೆ, ಆ ಮೊತ್ತ ಬಿಲ್ಲಿನಲ್ಲಿ ಕಳೆದಿರಬೇಕು. ವಾರಂಟಿ ಕಾರ್ಡಿನಲ್ಲಿ ತಾರೀಖು, ಸೀರಿಯಲ್ ನಂಬರ್ ಬರೆಸಿ.

*ಏಸಿ ಗ್ಯಾಸ್.* ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಅತಿ ಹೆಚ್ಚು ಮಾರಾಟವಾಗುವ ಕೆಲಸ. ಏಸಿಯ ಗ್ಯಾಸ್ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ಮನೆಯ ಫ್ರಿಜ್‌ಗೆ ವರ್ಷಾ ವರ್ಷಾ ಗ್ಯಾಸ್ ತುಂಬಿಸುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ರಬ್ಬರ್ ಪೈಪುಗಳ ಮೂಲಕ ಹಲವು ವರ್ಷಗಳಲ್ಲಿ ಸ್ವಲ್ಪ ಹೋಗಬಹುದು, ಆದರೆ ಒಂದೇ ಬೇಸಿಗೆಯಲ್ಲಿ ಮುಗಿದರೆ ಎಲ್ಲೋ ಸೋರಿಕೆ ಇದೆ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿದರೆ ಮುಂದಿನ ವರ್ಷವೂ ಅದೇ ಬಿಲ್ಲು. ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಗ್ಯಾಸಿನ ಬಗೆಯೂ (ಆರ್-134ಎ ಅಥವಾ ಹೊಸದು) ಎಷ್ಟು ಗ್ರಾಂ ಎಂಬುದೂ ಇರುತ್ತದೆ. ಅಷ್ಟನ್ನೇ ತೂಕ ಮಾಡಿ ತುಂಬಲಿ. ಇದಕ್ಕೂ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆಸಿ ನೋಡಿ, ಏಸಿಯ ಬಿಸಿ ಹೊರಹಾಕುವ ಮುಂದಿನ ಕಂಡೆನ್ಸರಿನ ದೂಳು ತೊಳೆಸಿ. ಎರಿ ಹೊಲಗಳ ನಡುವೆ, ಲೋಕಾಪುರ, ಮುಧೋಳದ ಕಡೆಯ ಸುಣ್ಣಕಲ್ಲಿನ ದೂಳಿನಲ್ಲಿ ಓಡುವ ಗಾಡಿಗೆ ತಂಪು ಕಡಿಮೆಯಾಗಲು ಎಷ್ಟೋ ಸಲ ಇಷ್ಟೇ ಕಾರಣ.

*ಎಂಜಿನ್ ಆಯಿಲ್.* ಮ್ಯಾನ್ಯುಯಲ್‌ನಲ್ಲಿ 3.1 ಲೀಟರ್ ಎಂದಿದ್ದು ಬಿಲ್ಲಿನಲ್ಲಿ 4 ಲೀಟರ್ ಇದ್ದರೆ ಉಳಿದದ್ದು ಡಬ್ಬಿಯ ಸಮೇತ ನಿಮ್ಮದು. ಪೂರ್ತಿ ಸುರಿದಿದ್ದರೆ ಇನ್ನೂ ಕೆಟ್ಟದ್ದು. ಹೆಚ್ಚಾದ ಆಯಿಲನ್ನು ಎಂಜಿನ್ನಿನಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್ ಕಡೆದು ನೊರೆ ಮಾಡುತ್ತದೆ, ಸೀಲುಗಳು ಸೋರಲು ಶುರುವಾಗುತ್ತವೆ. ಸೀಲ್ ಮಾಡಿದ ಡಬ್ಬಿಯನ್ನು ನಿಮ್ಮ ಮುಂದೆ ಒಡೆಯಲಿ. ಕೆಲಸ ಮುಗಿದು ಎಂಜಿನ್ ನಿಂತು ಹತ್ತು ನಿಮಿಷವಾದ ಮೇಲೆ ಸಮತಟ್ಟಾದ ಜಾಗದಲ್ಲಿ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಎರಡು ಗುರುತುಗಳ ನಡುವೆ ಇರಬೇಕು.

ಎಂಜಿನ್ ಫ್ಲಶಿಂಗ್, ಇಂಜೆಕ್ಟರ್ ಕ್ಲೀನಿಂಗ್, ಡಿಕಾರ್ಬನೈಸಿಂಗ್, ಎಂಜಿನ್ ಕೋಟಿಂಗ್, ಇಂಟೀರಿಯರ್ ಎನ್‌ರಿಚ್‌ಮೆಂಟ್ ಎಂದು ಎಸ್ಟಿಮೇಟಿನಲ್ಲಿ ಬರುವ ಸಾಲುಗಳನ್ನು ಸರ್ವಿಸ್ ಪಟ್ಟಿಯ ಜೊತೆ ಹೋಲಿಸಿ. ಪಟ್ಟಿಯಲ್ಲಿ ಇಲ್ಲದ್ದು, ಲಕ್ಷಣವೂ ಇಲ್ಲದ್ದು ಬೇಡ. “ಪಟ್ಟಿಯೊಳಗ ಇಲ್ಲರಿ, ತಗದ ಬಿಡ್ರಿ” ಎಂದರೆ ಸಾಕು, ಕಾರಣ ಕೊಡಬೇಕಿಲ್ಲ. ಬೆಳಗಾವಿ, ಖಾನಾಪುರದ ಮಳೆಯಲ್ಲಿ ಓಡುವ ಗಾಡಿಗೆ ತಳದ ತುಕ್ಕು ನಿರೋಧಕ ಲೇಪ ಮಾತ್ರ ಉಪಯೋಗದ್ದೇ.

ವೀಲ್ ಅಲೈನ್‌ಮೆಂಟಿಗೆ ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ. ಹೆಚ್ಚಿನ ಸಣ್ಣ ಕಾರುಗಳ ಮುಂದಿನ ಗಾಲಿಯಲ್ಲಿ ತಿದ್ದಲು ಬರುವುದು ಟೋ (ಗಾಲಿಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದೇ. ಗಾಲಿ ಪಕ್ಕಕ್ಕೆ ವಾಲುವ ಕೋನವಾದ ಕ್ಯಾಂಬರ್‌ಗೆಂದು ಬೇರೆ ಹಣ ಕೇಳಿದರೆ ಎಲ್ಲಿ, ಹೇಗೆ ತಿದ್ದುತ್ತೀರಿ ಎಂದು ತೋರಿಸಲು ಹೇಳಿ. ಕೂಲಂಟ್ ಕಡಿಮೆಯಾಗಿದ್ದರೆ ಬೋರ್ ನೀರು ಸುರಿಯಲು ಬಿಡಬೇಡಿ. ನಮ್ಮ ಕಡೆಯ ಗಡಸು ನೀರಿನ ಸುಣ್ಣ ರೇಡಿಯೇಟರಿನಲ್ಲಿ ಕಟ್ಟುತ್ತದೆ. ಎಂಜಿನ್ ಬಿಸಿ ಇದ್ದಾಗ ಮುಚ್ಚಳವನ್ನಂತೂ ಯಾರೂ ತೆರೆಯಬಾರದು.

ಬಿಲ್ಲು ಮತ್ತು ಟ್ರಯಲ್

ಹಣ ಕೊಡುವ ಮೊದಲು ಟ್ರಯಲ್. ಸ್ಟಿಯರಿಂಗ್ ಹಿಂದೆ ನೀವೇ ಕೂತು, ಮಿಸ್ತ್ರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ತೊಂದರೆ ಬರುತ್ತಿದ್ದ ಅದೇ ವೇಗ, ಅದೇ ಬಗೆಯ ರಸ್ತೆಯಲ್ಲಿ ಓಡಿಸಿ. ಅಪರಿಚಿತರೊಂದಿಗೆ ಒಬ್ಬರೇ ಹೋಗಲು ಮನಸ್ಸಿಲ್ಲದಿದ್ದರೆ ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ, ಅಥವಾ ಒಬ್ಬರೇ ಓಡಿಸಿ ಬಂದು ಹೇಳಿ.

ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೆ 15 ಅಂಕಿ-ಅಕ್ಷರಗಳ ಜಿಎಸ್‌ಟಿ ನಂಬರ್ ಇರಲೇಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ, ಕೊಲ್ಲಾಪುರದಲ್ಲಿ ರಿಪೇರಿ ಮಾಡಿಸಿದರೆ 27. ಜಿಎಸ್‌ಟಿ ಜಾಲತಾಣದಲ್ಲಿ ನಂಬರ್ ಹಾಕಿದರೆ ಅಂಗಡಿಯ ಹೆಸರು ಬರುತ್ತದೆ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸಣ್ಣ ಗ್ಯಾರೇಜಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅಂಥವರು ತೆರಿಗೆ ಹಾಕುವಂತಿಲ್ಲ, ಆದರೆ ಬಿಲ್ಲು ಕೊಡಲೇಬೇಕು. ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು ಶೇಕಡಾ 18 ಆಗಿದೆ. ಹಳೇ ದರದಲ್ಲೇ ಲೆಕ್ಕ ಹಾಕಿದ್ದರೆ ತೋರಿಸಿ ತಿದ್ದಿಸಿ. ಪ್ಯಾಕಿನ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ. ಅದರ ಮೇಲೆ ಮತ್ತೆ ತೆರಿಗೆ ಸೇರಿಸುವುದು ತಪ್ಪು.

ಫೋನ್ ನಂಬರ್, ಕೀಲಿ, ಮನೆ ವಿಳಾಸ

ಕಾರಿನ ಕೀಲಿಯನ್ನಷ್ಟೇ ಕೊಡಿ, ಗೊಂಚಲಿನಿಂದ ಮನೆಯ ಕೀಲಿ ತೆಗೆದಿಡಿ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಂಕಿನ ಕಾಗದ, ಮಕ್ಕಳ ಶಾಲೆಯ ಗುರುತಿನ ಚೀಟಿ ಬಿಡಬೇಡಿ. ಪರದೆಯ ಮ್ಯಾಪಿನಲ್ಲಿ ಉಳಿಸಿರುವ ಮನೆಯ ಜಾಗ ಅಳಿಸಿ. ಕೆಲಸಕ್ಕೆಂದು ಕೊಟ್ಟ ನಂಬರಿಗೆ ಆಮೇಲೆ ಯಾರಾದರೂ ಬೇಡದ ಮೆಸೇಜ್ ಕಳಿಸಿದರೆ, ಒಮ್ಮೆ ಸ್ಪಷ್ಟವಾಗಿ “ಮೆಸೇಜ್ ಕಳಿಸಬೇಡಿ” ಎಂದು ಬರೆದು, ಸ್ಕ್ರೀನ್‌ಶಾಟ್ ತೆಗೆದು ಮಾಲೀಕರಿಗೆ ಕಳಿಸಿ. ಬೇಡವೆಂದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಮನೆಯ ಗಂಡಸರಿಗೆ, ಗ್ಯಾರೇಜ್ ನಡೆಸುವವರಿಗೆ

ಹೆಂಡತಿಯೋ ಮಗಳೋ ಒಯ್ದ ಗಾಡಿಯ ಬಗ್ಗೆ ಮಿಸ್ತ್ರಿ ನಿಮಗೆ ಫೋನ್ ಮಾಡಿದರೆ, “ಗಾಡಿ ಅವರದು, ಅವರನ್ನೇ ಕೇಳ್ರಿ” ಎಂದು ಇಟ್ಟುಬಿಡಿ. ನೀವು “ಹ್ಞೂಂ, ಮಾಡ್ರಿ” ಎಂದ ಕೂಡಲೇ ಅವರು ಬರೆಸಿದ ಜಾಬ್ ಕಾರ್ಡಿಗೆ ಬೆಲೆ ಇಲ್ಲದಂತಾಗುತ್ತದೆ.

ಗ್ಯಾರೇಜಿನವರು ಮಜೂರಿಯ ದರಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕಲಿ. ಗಾಡಿ ಲಿಫ್ಟಿನಲ್ಲಿದ್ದಾಗ ಯಾರು ತಂದರೋ ಅವರನ್ನು ಕರೆದು ತೋರಿಸಲಿ. ಕೂರಲು ಜಾಗ, ಚಿಲಕ ಇರುವ ಶೌಚಾಲಯ ಇರಲಿ. ಪ್ರಾಮಾಣಿಕವಾಗಿ ಕೆಲಸ ಮಾಡುವ ಮಿಸ್ತ್ರಿಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಇದ್ದಾರೆ. ಅಂಥವರು ಸಿಕ್ಕಾಗ ಹೇಳಿದ ಮಜೂರಿಯನ್ನು ಚೌಕಾಸಿ ಮಾಡದೆ ಕೊಡಿ, ಅವರ ಹೆಸರನ್ನು ಇನ್ನಿಬ್ಬರು ಹೆಣ್ಣುಮಕ್ಕಳಿಗೆ ಹೇಳಿ.

ಮೋಸವಾಯಿತು ಎಂದಾದರೆ

ಬಿಲ್ಲಿನ ಬಗ್ಗೆ ತಕರಾರಿದ್ದರೂ ಗಾಡಿ ಬೇಕೇ ಬೇಕು. ಒಪ್ಪಿದ ಕೆಲಸದ ಹಣ ಬರುವವರೆಗೆ ಗಾಡಿ ಇಟ್ಟುಕೊಳ್ಳುವ ಹಕ್ಕು ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನಲ್ಲಿ ಗ್ಯಾರೇಜಿಗೆ ಇದೆ. ಆದ್ದರಿಂದ ಬಾಗಿಲಲ್ಲಿ ಜಗಳ ಆಡುವುದಕ್ಕಿಂತ, ಬಿಲ್ಲಿನ ಎರಡೂ ಪ್ರತಿಗಳ ಮೇಲೆ “ಈ ಈ ಸಾಲುಗಳಿಗೆ ನನ್ನ ಒಪ್ಪಿಗೆ ಇರಲಿಲ್ಲ, ತಕರಾರಿನೊಂದಿಗೆ ಪಾವತಿ” ಎಂದು ಬರೆದು, ಸಹಿ ಮಾಡಿ, ಫೋಟೋ ತೆಗೆದು, ಹಣ ಕೊಟ್ಟು ಗಾಡಿ ಹೊರಗೆ ತನ್ನಿ. ಅದೇ ಮಾತನ್ನು ಮಾಲೀಕರಿಗೆ ವಾಟ್ಸ್ಆ್ಯಪ್ ಅಥವಾ ಇಮೇಲಿನಲ್ಲೂ ಕಳಿಸಿ, ಉತ್ತರಕ್ಕೆ ಹದಿನೈದು ದಿನ ಕೊಡಿ.

ಆ ನಡುವೆ ಗಾಡಿಯನ್ನು ಬೇರೆ ಗ್ಯಾರೇಜಿಗೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯಿರಿ. ಅದು ಕೈಗೆ ಬರುವ ಮೊದಲು ದೋಷ ಸರಿಪಡಿಸಬೇಡಿ, ಸರಿಪಡಿಸಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಬ್ರೇಕಿನಂಥ ದೋಷವಾದರೆ ಗಾಡಿ ಓಡಿಸದೆ, ಫೋಟೋ, ವಿಡಿಯೋ ತೆಗೆದು ಬೇಗ ಸರಿಮಾಡಿಸಿ, ಹಳೇ ಪಾರ್ಟನ್ನು ಹೆಸರು ಬರೆದ ಚೀಲದಲ್ಲಿಡಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ದೊಡ್ಡ ಕಂಪನಿಗಳ ಅಧಿಕೃತ ಸರ್ವಿಸ್ ಸೆಂಟರಾದರೆ ಇಲ್ಲೇ ಇತ್ಯರ್ಥ ಆಗುವ ಸಾಧ್ಯತೆ ಹೆಚ್ಚು. ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದೂರನ್ನು ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕ ಇಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ರಿಪೇರಿ ಹುಬ್ಬಳ್ಳಿಯಲ್ಲೋ ಕೊಲ್ಲಾಪುರದಲ್ಲೋ ಆಗಿದ್ದರೂ ನೀವು ವಾಸಿಸುವ ಬೆಳಗಾವಿಯ, ಬಾಗಲಕೋಟೆಯ ಅಥವಾ ವಿಜಯಪುರದ ಆಯೋಗದಲ್ಲೇ ದೂರು ಕೊಡಲು ಬರುತ್ತದೆ. ಕೆಲಸದಲ್ಲಿನ ಕೊರತೆ “ಸೇವಾ ನ್ಯೂನತೆ”, ಬಿಲ್ಲು ಕೊಡದಿರುವುದು “ಅನುಚಿತ ವ್ಯಾಪಾರ ಪದ್ಧತಿ”. ದೂರಿನಲ್ಲಿ ಈ ಪದಗಳನ್ನೇ ಬಳಸಿ. ಜಾಬ್ ಕಾರ್ಡ್, ವಾಟ್ಸ್ಆ್ಯಪ್ ಮಾತುಕತೆ, ಬಿಲ್ಲು, ಯುಪಿಐ ರಸೀದಿ, ಎರಡನೇ ಗ್ಯಾರೇಜಿನ ಅಭಿಪ್ರಾಯವನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ.

ವಕೀಲರಿಲ್ಲದೆ ನೀವೇ ವಾದಿಸಬಹುದು. ನೆರವು ಬೇಕೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರನ್ನು ಕೊಡುತ್ತಾರೆ, ಆದಾಯ ಎಷ್ಟೆಂದು ನೋಡುವುದಿಲ್ಲ. ಆಧಾರ್ ಪ್ರತಿ ಮತ್ತು ಮೇಲೆ ಹೇಳಿದ ಕಾಗದಗಳನ್ನು ಜೊತೆಗೆ ಒಯ್ಯಿರಿ.